ಅಲ್ಪವಿರಾಮದವರ ಎಡಗಿವಿ

ಆಸ್ಪತ್ರೆಯಲ್ಲಿ ಅವಳನ್ನು ಕಿವಿಯಕ್ಕ ಎಂದು ಕರೆಯದವರಿಲ್ಲ. ಎರಡನೆಯ ಮಹಡಿಯಲ್ಲಿ, ಎಕ್ಸ್‌ರೇ ಕೋಣೆ ದಾಟಿ ಕೊನೆಯ ಬಾಗಿಲು ಅವಳದು. ಯಾರ ಕಿವಿ ಎಷ್ಟು ಕೇಳುತ್ತದೆ ಎಂದು ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಕೂತು ಅಳೆಯುತ್ತಿದ್ದಳು. ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ, ಬಟ್ಟೆ ಬೀರುವಿಗಿಂತ ತುಸು ದೊಡ್ಡದು. ಗೋಡೆಗೆಲ್ಲ ತೂತು ತೂತಿನ ಹಲಗೆ, ಒಂದು ಕುರ್ಚಿ, ಗಾಜಿನ ಕಿಟಕಿ, ಗೇಣು ದಪ್ಪದ ಬಾಗಿಲು. ಪರೀಕ್ಷೆಗೆ ಬಂದವರು ಒಳಗೆ ಕೂತು ಹೆಡ್‌ಫೋನ್ ಹಾಕಿಕೊಳ್ಳಬೇಕು, ಶಬ್ದ ಕೇಳಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತಿದರೆ ಹೊರಗೆ ಅವಳ ಮಷೀನಿನ ಮೇಲೆ ಹಸಿರು ದೀಪ ಹತ್ತುತ್ತದೆ. ಅಷ್ಟೇ ಪರೀಕ್ಷೆ.

ಆದರೆ ಆ ಬಾಗಿಲು ಮುಚ್ಚಿದೊಡನೆ ಕೆಲವರಿಗೆ ಏನೋ ಆಗುತ್ತಿತ್ತು. ಹೊರಗಿನ ಸದ್ದೆಲ್ಲ ಕತ್ತರಿಸಿದಂತೆ ನಿಂತುಹೋಗಿ, ಗಟ್ಟಿ ಆಳುಗಳೂ ಅಂಗಿಯ ಗುಂಡಿ ಬಿಚ್ಚಿಕೊಂಡು ಬೆವರುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ಗಾಜು ಬಡಿದು ಹೊರಗೆ ಬಂದು, "ನನ್ನ ಕಣ್ಣುಗುಡ್ಡೆ ಹೊರಳೋ ಶಬ್ದ ನನಗೇ ಕೇಳಿಸ್ತು ಕಣಕ್ಕ" ಎಂದಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ. ಕಿವಿಯೊಳಗಿನ ಎಲುಬಿಗೆ ಸಣ್ಣ ಬಿರುಕು ಬಿದ್ದವರಿಗೆ ಅದು ಕೇಳಿಸುತ್ತದೆ. ಮೌನ ಎಂಬುದು ಖಾಲಿಯಲ್ಲ ಎಂದು ಕಿವಿಯಕ್ಕನಿಗೆ ಆವತ್ತೇ ಮನದಟ್ಟಾಗಿತ್ತು.

ಮದುವೆಯ ಮಾತು ಬಂದಾಗಲೆಲ್ಲ ಜಾರಿಕೊಂಡು, ನಲವತ್ತಾರು ದಾಟಿ, ತಂಗಿಯ ಸಂಸಾರದ ಜೊತೆಗಿದ್ದಳು. ಅವಳಿಗಿದ್ದ ಹುಚ್ಚು ಒಂದೇ. 'ಹೊರಕಕ್ಷೆ' ಎಂಬ ಧಾರಾವಾಹಿ. ಏಳು ಜನ ಕೆಲಸಗಾರರ ಒಂದು ಅಂತರಿಕ್ಷ ಹಡಗು ಸೂರ್ಯನ ಬೆಳಕು ತಲುಪದ ದೂರದಲ್ಲಿ ತೇಲುತ್ತಿರುತ್ತದೆ. ಊರಿಗೆ ಕಳಿಸಿದ ಸಂದೇಶಕ್ಕೆ ಉತ್ತರ ಬರುವುದಿಲ್ಲ, ಹಡಗಿನ ಒಂದೊಂದೇ ದೀಪ ಆರುತ್ತ ಹೋಗುತ್ತದೆ. ತಂಗಿ ಮೂಗು ಮುರಿಯುತ್ತಿದ್ದಳು. "ಅಲ್ಲಕ್ಕ, ದೆವ್ವದ ಕಥೇನೇ ತಗೊಂಡ್ಹೋಗಿ ಆಕಾಶದಲ್ಲಿ ನೇತುಹಾಕಿದ್ದಾರೆ. ನೋಡಿದ್ರೆ ಊಟ ಸೇರಲ್ಲ, ನಿನಗೆ ಅದೇನು ಹಿತವೋ!"

ಹಿತ ಏನೆಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ಅಂಥದೇ ಹುಚ್ಚಿನ ಒಂಬತ್ತು ಜನ ಊರಲ್ಲಿದ್ದರು. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಸೇರುತ್ತಿದ್ದರು. ಬೇಕರಿಯಾಕೆಯೇ ಕೂಟದ ಯಜಮಾನಿ. ಒಂದು ಭಾನುವಾರ ಅವಳು ಎಲ್ಲರನ್ನೂ ಸುತ್ತ ಕೂರಿಸಿ, "ಇಷ್ಟ ಇಷ್ಟ ಅಂತೀವಲ್ಲ, ಯಾಕೆ ಇಷ್ಟ ಅಂತ ಒಬ್ಬೊಬ್ಬರೂ ಹೇಳಬೇಕು. ತಪ್ಪಿಸಿಕೊಳ್ಳೋ ಹಾಗಿಲ್ಲ" ಎಂದು ಅಪ್ಪಣೆ ಮಾಡಿ, ತನ್ನದನ್ನೇ ಮೊದಲು ಹೇಳಿದಳು. "ಅದರಲ್ಲಿ ಯಾರೂ ಯಾರಿಗೂ ಎಲ್ಲಾ ಸರಿಹೋಗುತ್ತೆ ಅನ್ನಲ್ಲ. ನಮ್ಮಪ್ಪ ಹಾಸಿಗೆ ಹಿಡಿದಾಗ ಬಂದವರೆಲ್ಲ ಅದನ್ನೇ ಹೇಳಿ, ಟೀ ಕುಡಿದು ಹೋದ್ರು. ನನಗೆ ಸಾಕಾಗಿಹೋಗಿತ್ತು."

ಬಸ್ ಡ್ರೈವರ್ ಮೀಸೆ ನೀವಿಕೊಂಡ. "ಹಡಗು ಓಡಿಸೋನು ಒಂದೇ ಒಂದು ಸಲ ಹಿಂದೆ ತಿರುಗ್ತಾನೆ ನೋಡಿ, ಸೀಟೆಲ್ಲ ಖಾಲಿ. ನಂದೂ ಅದೇ ಪಾಡು. ಐವತ್ತು ಜನರನ್ನ ತುಂಬ್ಕೊಂಡು ಹೊರಡ್ತೀನಿ, ಕೊನೇ ಸ್ಟಾಪಲ್ಲಿ ಕನ್ನಡಿ ನೋಡಿದ್ರೆ ಒಬ್ಬರೂ ಇರಲ್ಲ. ಎಲ್ಲಿ ಇಳಿದ್ರು ಅಂತಾನೇ ನೆನಪಿರಲ್ಲ."

ಅವನ ಪಕ್ಕದಲ್ಲಿ ಕೂತಿದ್ದವರು ಅಲ್ಪವಿರಾಮದವರು. ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. ಎರಡು ಮಾತಿಗೊಮ್ಮೆ ನಿಂತು ಮುಂದುವರಿಯುವ ಅಭ್ಯಾಸ, ಅದಕ್ಕೇ ಕೂಟದವರು ಆ ಹೆಸರಿಟ್ಟಿದ್ದರು. ಅವರಿಗೆ ಬೇಸರವೇನೂ ಇರಲಿಲ್ಲ. "ಪೂರ್ಣವಿರಾಮ ಅನ್ನಲಿಲ್ಲವಲ್ಲ, ಬಿಡಿ" ಎಂದು ನಗುತ್ತಿದ್ದರು.

"ನನಗೆ, ಆ ಹೆಲ್ಮೆಟ್ ದೃಶ್ಯ" ಎಂದರು ಅವರು. ಎಲ್ಲರಿಗೂ ಗೊತ್ತಿದ್ದ ದೃಶ್ಯ. ಹಡಗಿನ ಹೊರಗೆ ಕೆಲಸ ಮಾಡುತ್ತಿದ್ದವನಿಗೆ ತನ್ನ ಹೆಲ್ಮೆಟ್ಟಿನೊಳಗೆ ಯಾರೋ ಉಸಿರಾಡುವುದು ಕೇಳಿಸುತ್ತದೆ. ರೇಡಿಯೋ ಕಿತ್ತುಹಾಕಿದರೂ ನಿಲ್ಲುವುದಿಲ್ಲ. ಒಂಟಿತನದ ಕಾಯಿಲೆ ಎಂದು ಉಳಿದವರು ತೀರ್ಮಾನಿಸುತ್ತಾರೆ. ಆಗ ಬೆಸುಗೆ ಕೆಲಸದ ಹೆಂಗಸು ಹತ್ತಿರ ಬಂದು, ತನ್ನ ಹೆಲ್ಮೆಟ್ಟನ್ನು ಅವನದಕ್ಕೆ ಒತ್ತಿ ನಿಲ್ಲುತ್ತಾಳೆ. ಗಾಳಿಯಿಲ್ಲದ ಕಡೆ ತಾಗಿದರೆ ಮಾತ್ರ ಶಬ್ದ ದಾಟುತ್ತದೆ. ಅವಳ ಮುಖ ಮೆಲ್ಲಗೆ ಬಿಳಿಚಿಕೊಳ್ಳುತ್ತದೆ.

"ಅವಳು, ನಿನಗೆ ಭ್ರಮೆ ಅನ್ನಲಿಲ್ಲ" ಎಂದರು ಅಲ್ಪವಿರಾಮದವರು. "ಹತ್ತಿರ ಹೋಗಿ ಕಿವಿ ಕೊಟ್ಟಳು. ನನಗೆ, ಅಷ್ಟು ಸಾಕು."

ಕಿವಿಯಕ್ಕನ ಸರದಿ ಬಂದಾಗ ಅವಳು "ನನಗೆ ಸುಮ್ಮನೆ ಇಷ್ಟ" ಎಂದು ತಲೆ ತಗ್ಗಿಸಿದಳು. ಮಾಡಿದ ಕೇಕೆಲ್ಲ ದಂಡ ಎಂದು ಬೇಕರಿಯಾಕೆ ರೇಗಿಸಿದಳು.

ಅದಾಗಿ ಹತ್ತು ದಿನಕ್ಕೆ, ಬೆಳಗಿನ ಹನ್ನೊಂದರ ಹೊತ್ತಿಗೆ, ಅಲ್ಪವಿರಾಮದವರೇ ಚೀಟಿ ಹಿಡಿದು ಅವಳ ಬಾಗಿಲಲ್ಲಿ ನಿಂತಿದ್ದರು. ಟಿವಿ ಜೋರಾಗಿ ಇಡುತ್ತಾರೆಂದು ಪಕ್ಕದ ಮನೆಯವರು ದೂರಿ, ಮಗಳು ಫೋನಿನಲ್ಲೇ ಜಗಳವಾಡಿ ಕಳಿಸಿದ್ದಳು. ಕಿವಿಯಕ್ಕ ಕೂರಿಸಿ, ಹೆಡ್‌ಫೋನ್ ಹಾಕಿ, ಬಾಗಿಲು ಮುಚ್ಚಿದಳು.

ಬಲಗಿವಿ ವಯಸ್ಸಿಗೆ ತಕ್ಕಂತಿತ್ತು. ಎಡಗಿವಿಗೆ ಬಂದಳು. ಒಂದೆರಡು ಶಬ್ದ ಕೊಟ್ಟು, ವಾಡಿಕೆಯಂತೆ ನಡುವೆ ಸ್ವಲ್ಪ ಹೊತ್ತು ಏನೂ ಕೊಡದೆ ಬಿಟ್ಟಳು.

ಹಸಿರು ದೀಪ ಹತ್ತಿತು.

ಕೈತಪ್ಪಿ ಒತ್ತಿರಬೇಕೆಂದುಕೊಂಡಳು. ಮತ್ತೆ ಹತ್ತಿತು, ಆರಿತು, ಹತ್ತಿತು. ಅವಳು ಮಷೀನಿನಿಂದ ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಗಾಜಿನಾಚೆ ಅವರು ಕಣ್ಣು ಮುಚ್ಚಿ ಕೂತಿದ್ದರು, ಮುಖದಲ್ಲಿ ಯಾರದೋ ಮಾತು ಕೇಳುವಾಗಿನ ನೆಮ್ಮದಿ. ದೀಪ ಒಂದೇ ಲಯದಲ್ಲಿ ಹತ್ತಿ ಆರುತ್ತಿತ್ತು.

ಬಾಗಿಲು ತೆರೆದು ಕೇಳಿದಳು. "ಸರ್, ಯಾವ ಶಬ್ದಕ್ಕೆ ಒತ್ತಿದ್ರಿ?"

"ನೀವು ಕೊಟ್ಟಿದ್ದಕ್ಕೇ."

"ನಾನು ಏನೂ ಕೊಡ್ಲಿಲ್ಲ."

ಅವರ ಮುಖದ ರಕ್ತ ಇಳಿಯಿತು. ಹೆಡ್‌ಫೋನ್ ತೆಗೆದು, "ವಯಸ್ಸಾಯ್ತು, ಕೈ ನಡುಗುತ್ತೆ" ಎಂದು ಎದ್ದರು. ಬೇರೆ ಯಾರಾದರೂ ಆಗಿದ್ದರೆ ಅವಳು 'ಗಮನ ಕೊಡುತ್ತಿಲ್ಲ' ಎಂದು ಬರೆದು ಮುಂದಿನವರನ್ನು ಕರೆಯುತ್ತಿದ್ದಳೋ ಏನೋ. ಬೇಕರಿಯ ಮೇಲೆ ಅವರು ಆಡಿದ ಮಾತು ಅವಳ ಕೈ ಹಿಡಿದು ನಿಲ್ಲಿಸಿತು.

"ಕೂತ್ಕೊಳ್ಳಿ ಸರ್, ತಪ್ಪು ತಿಳೀಬೇಡಿ" ಎಂದು ಪಕ್ಕದ ಕೋಣೆಯ ನರ್ಸಮ್ಮನಿಂದ ಸ್ಟೆತಾಸ್ಕೋಪ್ ಇಸಿದುಕೊಂಡು ಬಂದು, ತಾನೂ ಒಳಹೊಕ್ಕು ಬಾಗಿಲೆಳೆದುಕೊಂಡಳು. ಇಬ್ಬರಿಗೆ ಜಾಗವೇ ಇರಲಿಲ್ಲ. ಬಗ್ಗಿ, ಅದರ ಬಿಲ್ಲೆಯನ್ನು ಅವರ ಎಡಗಿವಿಯ ಹಿಂದಿನ ಎಲುಬಿಗೆ ಒತ್ತಿದಳು.

ಹಾ... ಹಾ... ಹಾ...

ಯಾರೋ ಉಸಿರಾಡುತ್ತಿದ್ದರು. ಗಾಢ ನಿದ್ದೆಯಲ್ಲಿರುವವರ ಹಾಗೆ, ತುಂಬ ಹತ್ತಿರದಲ್ಲಿ.

"ಸರ್, ಸ್ವಲ್ಪ ಉಸಿರು ಕಟ್ಟಿ."

ಅವರು ಬಾಯಿ ಮುಚ್ಚಿ ಉಸಿರು ಹಿಡಿದರು. ಎದೆ ಅಲ್ಲಾಡಲಿಲ್ಲ. ಒಳಗಿನದು ಮಾತ್ರ ನಿಲ್ಲಲಿಲ್ಲ. ಹಾ... ಹಾ... ಅವಳು ತನ್ನ ಉಸಿರನ್ನೂ ಕಟ್ಟಿದಳು. ಆ ಬೀರುವಿನಂಥ ಕೋಣೆಯಲ್ಲಿ ಇಬ್ಬರೂ ಉಸಿರಾಡುತ್ತಿರಲಿಲ್ಲ, ಉಸಿರಾಟ ನಡೆದೇ ಇತ್ತು.

ಅವರು ಕಣ್ಣು ತೆರೆದರು. "ನಿಮಗೂ, ಕೇಳ್ತಾ?"

"ಕೇಳ್ತು ಸರ್."

ಎಪ್ಪತ್ತೆರಡರ ಆ ಮನುಷ್ಯ ಮಗುವಿನಂತೆ ಅತ್ತುಬಿಟ್ಟರು. ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡು ಎರಡು ತಿಂಗಳಿಗೆ ಇದು ಶುರುವಾಗಿತ್ತಂತೆ. ಹೆಂಡತಿ ಮಲಗುತ್ತಿದ್ದುದು ಅವರ ಎಡಗಡೆಗೇ. "ಮೊದಲು ಹೆದರಿಕೆ ಆಯ್ತು. ಆಮೇಲೆ, ಅದಿಲ್ಲದೆ ನಿದ್ದೆ ಬರ್ತಿರಲಿಲ್ಲ. ಯಾರಿಗೂ ಹೇಳಲಿಲ್ಲಮ್ಮ. ಮಗಳಿಗೆ ಹೇಳಿದ್ರೆ ತಲೆ ಕೆಟ್ಟಿದೆ ಅಂತಾಳೆ, ಡಾಕ್ಟರಿಗೆ ಹೇಳಿದ್ರೆ ತೆಗೆದುಹಾಕ್ತಾರೆ. ಟಿವಿ ಜೋರಾಗಿ ಇಡೋದು ಕಿವಿ ಕೇಳದೆ ಅಲ್ಲ, ಅವಳ ಉಸಿರಿನ ಸದ್ದು ಮೀರಿ ಮಾತು ಕೇಳಬೇಕಲ್ಲ!"

ಕಿವಿಯಕ್ಕ ಬಿಲ್ಲೆಯನ್ನು ಮತ್ತೆ ಒತ್ತಿ ಅವರ ಮಣಿಕಟ್ಟು ಹಿಡಿದಳು. ನಾಡಿಯೂ ಆ ಉಸಿರೂ ಒಂದೇ ಲಯದಲ್ಲಿದ್ದವು. ತಲೆಯೊಳಗಿನ ರಕ್ತನಾಳದ ಸದ್ದು ಅದು. ಇಷ್ಟು ವರ್ಷದಲ್ಲಿ ಪುಸ್ತಕದಲ್ಲಿ ಓದಿದ್ದಳೇ ಹೊರತು ಕೇಳಿರಲಿಲ್ಲ.

"ಬರೀಬೇಡಿ" ಎಂದರು ಅವರು, ಕೈ ಬಿಡಿಸಿಕೊಳ್ಳದೆ. "ನೀವು ಕೇಳಿದ್ರಲ್ಲ, ನನಗೆ ಅಷ್ಟು ಸಾಕು."

ಅವಳು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದಳು. ಕಡೆಗೆ ಬರೆದಳು. ಬರೆದ ಚೀಟಿಯನ್ನು ಅವರ ಕೈಗೆ ಕೊಡದೆ, ತಾನೇ ಡಾಕ್ಟರ ಮೇಜಿನ ಮೇಲಿಟ್ಟು ಬಂದಳು. ಅವರು ಹೊರಟುಹೋದರು.

ಸ್ಕ್ಯಾನಿನಲ್ಲಿ ಕಂಡಿತು. ಕಿವಿಯ ಹಿಂದೆ, ಮೆದುಳಿನ ಪೊರೆಯಲ್ಲಿ, ಸೇರಬಾರದ ಎರಡು ರಕ್ತನಾಳಗಳು ಸೇರಿಕೊಂಡಿದ್ದವು. ಇನ್ನು ತಡಮಾಡಿದ್ದರೆ ಯಾವತ್ತಾದರೂ ಒಡೆದು, ಮಲಗಿದವರು ಏಳುತ್ತಿರಲಿಲ್ಲ ಎಂದು ಡಾಕ್ಟರು ಅವಳ ಬೆನ್ನು ತಟ್ಟಿದರು. ಮಗಳು ಓಡಿಬಂದಳು. ತೊಡೆಯ ನಾಳದಿಂದ ಸಣ್ಣ ನಳಿಕೆ ತೂರಿಸಿ ಅವು ಸೇರಿಕೊಂಡ ಜಾಗವನ್ನು ಮುಚ್ಚಿದರು. ಸದ್ದು ನಿಂತಿತು.

ಮುಂದಿನ ಎರಡು ತಿಂಗಳು ಅವರು ಕೂಟಕ್ಕೆ ಬರಲಿಲ್ಲ. ಎಲ್ಲರೂ ಕಿವಿಯಕ್ಕನನ್ನು ಹೊಗಳಿದ್ದೇ ಹೊಗಳಿದ್ದು, ಅವಳಿಗೆ ಮಾತ್ರ ಯಾರದೋ ಮನೆಗೆ ಹೋಗಿ ಮಲಗಿದ್ದವರನ್ನು ಎಬ್ಬಿಸಿ ಕಳಿಸಿ ಬಂದಂಥ ಸಂಕಟ. ಬೇಕರಿಯಾಕೆ ಮತ್ತೆ ಕೆಣಕಿದಾಗ ಈ ಸಲ ಬಾಯಿ ಬಿಟ್ಟಳು. "ಆ ಬೆಸುಗೆಯವಳು ಕೇಳಿಸ್ಕೊಂಡಿದ್ದನ್ನ ಕೊನೇವರೆಗೂ ಯಾರಿಗೂ ಹೇಳಲ್ಲ. ಯಾಕೆ ಹೇಳಲ್ಲ ಅಂತ ನನಗೀಗ ಗೊತ್ತಾಗುತ್ತೆ. ಅದಕ್ಕೇ ನನಗಿಷ್ಟ." ಡ್ರೈವರ್ ಎದ್ದು ಅವಳ ಮುಂದೆ ನೀರಿನ ಲೋಟ ಇಟ್ಟ.

ಮೂರನೆಯ ತಿಂಗಳು ಅಲ್ಪವಿರಾಮದವರು ಬಂದರು. ಸೊರಗಿದ್ದರು. ಕೂಟ ಮುಗಿದು ಎಲ್ಲರೂ ಮೆಟ್ಟಿಲಿಳಿಯುವಾಗ ಅವಳನ್ನು ತಡೆದು ನಿಲ್ಲಿಸಿದರು.

"ನಿಮ್ಮ ಮೇಲೆ ತುಂಬಾ ಸಿಟ್ಟಿತ್ತು" ಎಂದರು. "ಈಗ ಮನೇಲಿ ಫ್ರಿಜ್ಜಿನ ಸದ್ದು ಕೇಳುತ್ತೆ, ನಲ್ಲಿ ಸೋರೋದು ಕೇಳುತ್ತೆ. ಇಷ್ಟೆಲ್ಲ ಇತ್ತು ಅಂತಾನೇ, ಗೊತ್ತಿರಲಿಲ್ಲ." ಕೆಳಗಿಳಿಯುವವರ ಕಡೆ ನೋಡಿ ದನಿ ತಗ್ಗಿಸಿದರು. "ಅಮ್ಮ, ಒಂದು ಕೇಳ್ತೀನಿ. ಅದು ಹೇಗಿತ್ತು ಅಂತ ನನಗೆ ಮರೀತಾ ಇದೆ. ನಾನು ಬಿಟ್ಟರೆ ಅದನ್ನ ಕೇಳಿದವರು, ನೀವೊಬ್ಬರೇ."

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಸುತ್ತ ನೋಡಿ, ಅವರ ಎಡಗಿವಿಯ ಹತ್ತಿರ ಬಾಗಿ, ಬಾಯಿ ಸ್ವಲ್ಪವೇ ತೆರೆದು ಉಸಿರುಬಿಟ್ಟಳು. ಹಾ... ಹಾ...

"ಇನ್ನೂ ಸ್ವಲ್ಪ ನಿಧಾನ" ಎಂದರು ಅವರು, ಕಣ್ಣು ಮುಚ್ಚಿ.

ಅವಳು ನಿಧಾನ ಮಾಡಿದಳು. ಅವರ ಹುಬ್ಬಿನ ಗಂಟು ಸಡಿಲಿತು, ಭುಜ ಇಳಿಯಿತು. ಕೆಳಗೆ ಬೇಕರಿಯ ಶಟರ್ ಎಳೆಯುವವರೆಗೂ ಇಬ್ಬರೂ ಹಾಗೇ ನಿಂತಿದ್ದರು. ಅವರು ಕೈಮುಗಿದು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಹೋದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅವಳಿಗೆ ಗೊತ್ತಾಯಿತು, ತಾನಿನ್ನೂ ಅದೇ ಲಯದಲ್ಲಿ ಉಸಿರಾಡುತ್ತಿದ್ದಳು. ಬದಲಿಸಲು ನೋಡಿದಳು. ಬೇಗ ಬೇಗ ಎಳೆದುಕೊಂಡಳು, ಕೆಮ್ಮಿದಳು. ಒಂದು ಕ್ಷಣ ಮರೆತರೆ ಸಾಕು, ಎದೆ ತನ್ನಷ್ಟಕ್ಕೆ ಆ ಇನ್ನೊಬ್ಬಳ ಅಳತೆಗೆ ಇಳಿದುಬಿಡುತ್ತಿತ್ತು, ನಿಧಾನವಾಗಿ, ಗಾಢ ನಿದ್ದೆಯಲ್ಲಿರುವವರ ಹಾಗೆ. ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡಿ, ಅವಳು ಮಲಗಿದ್ದಾಳೆಂದು ತಿಳಿದು, ಬೀಳದ ಹಾಗೆ ಮೆಲ್ಲಗೆ ತನ್ನ ಹೆಗಲು ಕೊಟ್ಟಳು.