ಮೋರಿ ಬಾಯಿಯ ಚಿಪ್ಪು

"ಮೋರಿ ಚಿಪ್ಪಿಗೂ ಗಿರಾಕಿ ಬಂದಿದಾನೆ ಕಣಕ್ಕ, ತಲೆ ನೆಟ್ಟಗಿಲ್ಲ!" ಎಂದು ನನ್ನ ಓರಗಿತ್ತಿ ಬುಟ್ಟಿ ಇಳಿಸುತ್ತಲೇ ಹೇಳಿದ ದಿನ, ಅವರ ಸುದ್ದಿ ನಾನು ಮೊದಲು ಕೇಳಿದ್ದು. ಕಡಲ ಚಿಪ್ಪು ಒಡೆದು ಮಾಂಸ ಬಿಡಿಸುವ ನಮ್ಮ ಷೆಡ್ಡಿನಲ್ಲಿ ನಗುವೋ ನಗು.

ಮಾರನೆಯ ಬೆಳಿಗ್ಗೆ ಅವರೇ ಬಂದರು. ಕಡಲ ನೀರು ಪರೀಕ್ಷೆ ಮಾಡುವ ಆಫೀಸಿನವರು. ಸ್ಟೂಲು ಕೊಟ್ಟರೆ ಕೂರಲಿಲ್ಲ. ಚಹಾ ಲೋಟ ಹಿಡಿದು ಬಾಗಿಲಿಗೂ ತೊಟ್ಟಿಗೂ ಅಲೆದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಓರಗಿತ್ತಿ ಅಂದೇ 'ಚಡಪಡ ಸಾರ್' ಎಂದು ಹೆಸರಿಟ್ಟಳು.

"ನೀರು ಹರಿದು ಹೋಗುತ್ತಮ್ಮ. ಚಿಪ್ಪು ಕೂತಲ್ಲೇ ಕೂತು, ಕುಡಿದ ವಿಷಾನೆಲ್ಲ ಮೈಯಲ್ಲಿ ಇಟ್ಕೊಳ್ಳುತ್ತೆ. ಮೋರಿಗೆ ಕೊಳಚೆ ಬಿಡೋ ಬಣ್ಣದ ಕಾರ್ಖಾನೆಯವರು ಸುಳ್ಳು ಹೇಳಬಹುದು, ಇದು ಹೇಳಲ್ಲ. ಮೋರಿ ಕಡಲಿಗೆ ಸೇರೋ ಕಡೆಯಿಂದ ತಿಂಗಳಿಗೆ ಮೂವತ್ತು ಬೇಕು. ಒಳ್ಳೆಯವು ಕೊಡಿ, ಸತ್ತು ಬಾಯಿ ಬಿಟ್ಟಿರೋದು ಬೇಡ."

ನನ್ನ ಕಿವಿಯಲ್ಲಿ ಉಳಿದದ್ದು 'ಒಳ್ಳೆಯವು' ಒಂದೇ. ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಮೋರಿಯದ್ದು ಕೊಡುವುದುಂಟೇ? ದೂರದ ಬಂಡೆಯಿಂದ ಕೆರೆದು ತಂದು, ತಿಕ್ಕಿ ತೊಳೆದು ಕೊಟ್ಟೆ. ಒಂದಲ್ಲ, ಐದು ತಿಂಗಳು.

ಐದು ಸಲವೂ ಏನೂ ಇಲ್ಲವೆಂದೇ ವರದಿ ಬಂತು. ಸಾರ್ ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು.

"ಮೀನು ಸತ್ತು ತೇಲ್ತಿದೆ, ನೀರು ನೇರಳೆ ಆಗಿದೆ, ಚಿಪ್ಪು ಮಾತ್ರ ಬಾಯಿ ಬಿಡಲ್ಲ ಅನ್ನುತ್ತೆ! ನಾಳೆ ಇಲ್ಲೇನೂ ತೊಂದರೆ ಇಲ್ಲ ಅಂತ ರುಜು ಹಾಕಬೇಕಮ್ಮ. ಹಾಕಿದ್ರೆ ಈ ಕಡೆ ಪರೀಕ್ಷೆ ಮುಗೀತು."

ಕಡಲು ಕೆರಳಿ ಬಂಡೆಗೆ ಹೋಗಲಾಗದಾಗ ಓರಗಿತ್ತಿಯ ಮಕ್ಕಳು ತಿನ್ನುವುದು ಆ ಮೋರಿ ಬದಿಯದ್ದನ್ನೇ. ಕೈಯ ಚಾಕು ಕೆಳಗಿಟ್ಟೆ.

"ಸಾರ್, ನಾನು ಕೊಟ್ಟಿದ್ದು ಬಂಡೆಯದ್ದು."

"ಯಾವ ಬಂಡೆ?"

"ಆ ದೂರದ್ದು. ಮೂವತ್ತು ಅಂದ್ರೆ ಒಂದು ಮನೆ ಊಟಕ್ಕೆ ಸರಿಯಾಗುತ್ತೆ. ಪರೀಕ್ಷೆ ಗಿರೀಕ್ಷೆ ಎಲ್ಲ ತಿನ್ನೋಕೆ ಕೇಳೋಕೆ ನಾಚಿಕೆಯಾಗಿ ಹೇಳಿದ ನೆಪ ಅಂದ್ಕೊಂಡೆ."

ಚಡಪಡ ಸಾರ್ ಮೊದಲ ಬಾರಿಗೆ ಕುಳಿತರು, ಮಗುಚಿಟ್ಟ ಬುಟ್ಟಿಯ ಮೇಲೆ. "ಐದು ತಿಂಗಳು ನನಗೆ ಊಟ ಹಾಕಿದ್ರಾ!" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ತಪ್ಪು ನಂದೂ ಹೌದು. ಒಂದು ದಿನವಾದ್ರೂ ಜೊತೇಲಿ ಬರಬೇಕಿತ್ತು."

ರುಜು ಹಾಕಲಿಲ್ಲ. ಮರುದಿನ ನೀರಿಳಿದ ಹೊತ್ತಿಗೆ ಪ್ಯಾಂಟು ಮಡಚಿ ನನ್ನ ಜೊತೆ ಮೋರಿ ಬಾಯಿಗೆ ಇಳಿದರು.

ವರದಿಗೆ ಹದಿನೆಂಟು ದಿನ. ಅಷ್ಟೂ ದಿನ ನಾನೂ ಕೂತಲ್ಲಿ ಕೂರಲಿಲ್ಲ. ಬಂತು: ಸೀಸ, ತಿನ್ನಲೇಬಾರದಷ್ಟು. ಮೋರಿ ಬದಿಯಲ್ಲಿ ಎಚ್ಚರಿಕೆಯ ಹಲಗೆ ನೆಟ್ಟರು.

"ನಿನ್ನ ಒಳ್ಳೆತನಕ್ಕೆ ಬೆಂಕಿ ಬೀಳ! ಐದು ತಿಂಗಳು ನನ್ನ ಮಕ್ಕಳು ತಿಂದ್ವಲ್ಲ ಅಕ್ಕ!" ಎಂದಳು ಓರಗಿತ್ತಿ.

ಎರಡು ವರ್ಷದ ಮೇಲೆ ಅವರಿಗೆ ವರ್ಗವಾಯಿತು. ಹೊರಡುವ ದಿನ ಬಾಗಿಲಲ್ಲಿ ಚಪ್ಪಲಿ ಹಾಕಿ, ತೆಗೆದು, ಮತ್ತೆ ಹಾಕಿಕೊಂಡು ಕೇಳಿದರು:

"ಅಮ್ಮ, ನನ್ನ ಜಾಗಕ್ಕೆ ಬರೋರು ಒಳ್ಳೆಯವು ಕೊಡಿ ಅಂದ್ರೆ, ಎಲ್ಲಿಯವು ಅಂತ ಒಂದು ಸಲ ತಿರುಗಿ ಕೇಳ್ತೀರಾ?"