ಡ್ರಮ್ಮು ವಾಪಸ್ ಕೇಳುವ ಡ್ರಮ್ಮಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಳ್ಳುಗಾಡಿಯನ್ನು ಗಲ್ಲಿಯ ತುದಿಯಲ್ಲಿ ನಿಲ್ಲಿಸಿದ ಡ್ರಮ್ಮಣ್ಣ ಒಂದು ಮನೆಯ ಹಿತ್ತಲಿಗೆ ನಡೆದು, ನೀಲಿ ಪ್ಲಾಸ್ಟಿಕ್ ಡ್ರಮ್ಮಿನ ಬಾಯಿಯ ಸುತ್ತ ಬೆರಳಾಡಿಸುತ್ತಾರೆ. “ನಂದೇ ಇದು,” ಎಂದು ಜೊತೆಗೆ ಬಂದ ನನಗೆ ಹೇಳುತ್ತಾರೆ. ಮಕ್ಕಳ ಕೈ ಕೊಯ್ಯಬಾರದೆಂದು ಕತ್ತರಿಸಿದ ಅಂಚನ್ನು ಕಾಯಿಸಿ ನಯ ಮಾಡುತ್ತಿದ್ದವರು ಸುತ್ತಮುತ್ತ ಇವರೊಬ್ಬರೇ.

ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. “ಕೊಟ್ಟಿದ್ದೂ ನೀನೇ, ಕಿತ್ಕೊಳ್ಳೋದೂ ನೀನೇನಾ?”

“ಬೈಕೊಂಡಾದ್ರೂ ಕೊಡಮ್ಮ,” ಎಂದು ಹೊಸ ಡ್ರಮ್ಮೊಂದನ್ನು ಇಳಿಸುತ್ತಾರೆ.

ಊರ ಪಕ್ಕದ ದೊಡ್ಡ ಹಣ್ಣಿನ ತೋಟಕ್ಕೆ ಕೀಟನಾಶಕ ಬರುತ್ತಿದ್ದದ್ದು ಈ ಡ್ರಮ್ಮುಗಳಲ್ಲಿ. ಖಾಲಿಯಾದವನ್ನು ಡ್ರಮ್ಮಣ್ಣ ಕೊಂಡು, ಮೇಲ್ಭಾಗ ಕತ್ತರಿಸಿ, ಬಿಸಿನೀರು ಸೋಪಿನಲ್ಲಿ ಮೂರು ಸಲ ತಿಕ್ಕಿ, ಬಿಸಿಲಿಗಿಟ್ಟು ಕುಡಿಯುವ ನೀರಿಗೆಂದು ಮಾರುತ್ತಿದ್ದರು. ಮೂಗಿಟ್ಟು ನೋಡದೆ ಒಂದನ್ನೂ ಕೊಟ್ಟವರಲ್ಲ. “ವಾಸನೆ ಹೋದ್ರೆ ವಿಷಾನೂ ಹೋಯ್ತು ಅಂದ್ಕೊಂಡಿದ್ದೆ. ಎಂಥ ಪೆದ್ದ ನೋಡಿ ನಾನು!”

ಆ ಔಷಧಿ ಸುಲಭಕ್ಕೆ ಹೋಗುವ ಜಾತಿಯದಲ್ಲ. ಪ್ಲಾಸ್ಟಿಕ್ಕಿನಲ್ಲಿ, ಮಣ್ಣಿನಲ್ಲಿ, ಮೈಯ ಕೊಬ್ಬಿನಲ್ಲಿ, ತಾಯಿಯ ಹಾಲಿನಲ್ಲಿ ವರ್ಷಗಟ್ಟಲೆ ಕೂತುಬಿಡುತ್ತದೆ. ಎರಡು ವರ್ಷದ ಹಿಂದೆ ಆಸ್ಪತ್ರೆಯ ಡಾಕ್ಟರೊಬ್ಬರು ಇಲ್ಲಿನ ನೀರು, ಜನರ ರಕ್ತ ಎರಡನ್ನೂ ಪರೀಕ್ಷೆ ಮಾಡಿಸಿದಾಗ ಎರಡರಲ್ಲೂ ಅದೇ ಸಿಕ್ಕಿತು. ಊರಲ್ಲಿ ಕಾಣುವ ಕೈನಡುಕ, ನಿಲ್ಲದ ಬಸಿರು, ಏಳಲಾರದ ಮಕ್ಕಳು: ಎಲ್ಲ ಇದರಿಂದಲೇ ಬಂದವೆ? “ಹೌದು ಅಂತ ಬರೆದುಕೊಡೋಕಾಗಲ್ಲ, ಅಲ್ಲ ಅಂತಾನೂ ಹೇಳೋಕಾಗಲ್ಲ,” ಎಂದರಂತೆ ಡಾಕ್ಟರು. ಡ್ರಮ್ಮಣ್ಣನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಕೂಲಿಗೆ ಹೋಗುವ ಮೊದಲು ದಿನಕ್ಕೆ ನಾಲ್ಕು ಮನೆ. ಮಾರಿದ್ದು ನೂರ ಎಂಬತ್ತು, ಮರಳಿ ಬಂದದ್ದು ನೂರ ಮೂವತ್ತೆಂಟು.

ಇವತ್ತಿನ ಕೊನೆಯ ಮನೆ ಅವರ ಸ್ವಂತ ತಂಗಿಯದು. ಆಕೆಯ ಮಗ ಹುಟ್ಟಿದ ವರ್ಷ ಅಣ್ಣ ಆರಿಸಿ ತಂದುಕೊಟ್ಟ ಡ್ರಮ್ಮು ಅಡುಗೆಮನೆಯ ಮೂಲೆಯಲ್ಲಿದೆ. ಹತ್ತೊಂಬತ್ತರ ಮಗ ಒಳಗೆ ಮಂಚದ ಮೇಲಿದ್ದಾನೆ. ಒಂದು ದಿನವೂ ನಡೆದವನಲ್ಲ. ಐದು ತಿಂಗಳ ಬಸುರಿ ಮಗಳು ಮೊನ್ನೆ ತಾಯಿಮನೆಗೆ ಬಂದಿದ್ದಾಳೆ. ಆರು ಸಲ ಕೇಳಿದರೂ ತಂಗಿ ಕೊಟ್ಟಿಲ್ಲ. ನನಗೆ ಆಕೆಯ ಮೇಲೆ ಸಿಟ್ಟೇ ಬಂದಿತ್ತು, ಆಕೆ ಬಾಯಿ ಬಿಡುವವರೆಗೆ.

“ಕೊಟ್ರೆ, ನನ್ನ ಕೈಯಾರೆ ನಾನೇ ಇವನಿಗೆ ಕುಡಿಸಿದೆ ಅಂತ ಒಪ್ಕೊಂಡ ಹಾಗಲ್ವಾ ಅಣ್ಣಾ?”

“ನೀನಲ್ಲ ಕಣೇ. ತಂದ್ಕೊಟ್ಟೋನು ನಾನು. ನನ್ನ ಬೈಯಿ. ಹುಡುಗಿ ಮುಖ ನೋಡಿ ಕೊಡು.”

ತಂಗಿ ತಾನೇ ಡ್ರಮ್ಮನ್ನು ಹಿತ್ತಲ ಬಾಗಿಲಿಗೆ ಎಳೆದು ಬಗ್ಗಿಸುತ್ತಾಳೆ. ನೀರೆಲ್ಲ ಹರಿದು ಹೋದ ಮೇಲೆ ದನಿ ತಗ್ಗಿಸಿ, “ಇವನಿಗೆ ಮಾತ್ರ ಹೇಳ್ಬೇಡ,” ಎನ್ನುತ್ತಾಳೆ.

ದಾರಿಯಲ್ಲಿ ಡ್ರಮ್ಮಣ್ಣ ಕಣ್ಣೊರೆಸಿಕೊಳ್ಳುತ್ತಾರೆ.

“ಇವತ್ತಲ್ಲ ನಾಳೆ ನಾನೇ ಹೇಳ್ತೀನಿ ಸಾರ್. ಮುಚ್ಚಿಡೋಕಾಗಲ್ಲ. ಹೇಳಿದ ಮೇಲೂ ಅವನು ನನ್ನನ್ನ ಮಾವ ಅಂತ ಕರೀಬೇಕು. ಅಷ್ಟೇ ಆಸೆ.”