ಪುಟ್ಟಸ್ವಾಮಯ್ಯನವರ ಬೀಡಿ ಬಿಡುವ ಸಂಘ

ಪುಟ್ಟಸ್ವಾಮಯ್ಯನವರು ಗುಟ್ಟು ಹೇಳಿದರೆ ಜಯನಗರದ ನಮ್ಮ ಇಡೀ ರಸ್ತೆಗೆ ಕೇಳಿಸುತ್ತಿತ್ತು. ಬಸ್ ಕಂಡಕ್ಟರಾಗಿ ವರ್ಷಗಟ್ಟಲೆ "ಹೋಲ್ಡಾನ್" ಎಂದು ಕೂಗಿ ನಿವೃತ್ತವಾದ ಗಂಟಲು ಅದು. ತುಟಿಯ ಮೂಲೆಯಲ್ಲಿ ಸದಾ ಬೀಡಿ. ಅದು ಆರಿದ್ದರೂ ಕೆಳಗಿಳಿಯುತ್ತಿರಲಿಲ್ಲ.

ಅರವತ್ತರ ದಶಕದ ಮಾತು. ಹೆಂಡತಿ ತೀರಿಕೊಂಡಿದ್ದ ಅವರ ಮನೆಗೆ ಮಗಳು ಶಾರದೆ ಹೆರಿಗೆಗೆ ಬಂದಳು. ಬಾಣಂತನಕ್ಕೆ ಅವರ ಅಕ್ಕ ಬಂದರು. ಹೆಣ್ಣುಮಗು ಹುಟ್ಟಿತು. ಅಜ್ಜ ಆಸೆಯಿಂದ ಕೈ ಚಾಚಿದರೆ ಶಾರದೆ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೀಡಿ ಬಿಟ್ಮೇಲೆ ಎತ್ಕೊಳ್ಳಿ ಅಪ್ಪ. ಅಲ್ಲೀವರೆಗೆ ಮುಟ್ಟಕೂಡದು."

ಅಂದೇ ಸಂಜೆ ಅವರು ರಸ್ತೆಯ ಸೇದುವ ಗಂಡಸರನ್ನೆಲ್ಲ, ನನ್ನನ್ನೂ ಸೇರಿಸಿ, ಹಿಡಿದು ತಂದು ಖಾಲಿ ಸೈಟಿನಲ್ಲಿ ಕೂರಿಸಿದರು. "ಒಬ್ಬನ ಕೈಲಿ ಆಗಲ್ಲ ಕಣ್ರಯ್ಯಾ. ಎಲ್ಲಾ ಸೇರಿ ಬಿಡೋಣ!" ಅವರು ಮಾಡಿದ ನಿಯಮವೋ ವಿಚಿತ್ರ. ಒಬ್ಬನ ಬೀಡಿ ಇನ್ನೊಬ್ಬನ ಮನೆಯಲ್ಲಿರಬೇಕು. ಚಟ ಕೆರಳಿದರೆ ಅಲ್ಲಿಗೆ ಹೋಗಿ ಕೇಳಬೇಕು. ಕೇಳಲು ಬಂದವನಿಗೆ ಮೊದಲು ಕಾಫಿ, ಹರಟೆ. ಆಮೇಲೂ ಬೇಕೆಂದರೆ ಕೊಡಬೇಕು. ಎಷ್ಟೋ ಸಲ ಲೋಟ ಖಾಲಿಯಾಗುವಷ್ಟರಲ್ಲಿ ಬಂದ ಕೆಲಸವೇ ಮರೆತುಹೋಗುತ್ತಿತ್ತು. ಮನೆಯ ಹೆಂಗಸರಿಗೆ ಮಾತ್ರ ಕಾಫಿಪುಡಿ ಸಾಲದೆ ಹೋಯಿತು.

ಪುಟ್ಟಸ್ವಾಮಯ್ಯನವರ ಬೀಡಿಕಟ್ಟು ನನ್ನ ಪಾಲಿಗೆ ಬಂತು. ಅಯ್ಯೋ ನನ್ನ ಪಾಡೇ! "ಕೊಡ್ರೀ ಮೇಷ್ಟ್ರೇ, ಪ್ರಾಣ ಹೋಗ್ತಿದೆ!" ಎಂದು ಹೊತ್ತುಗೊತ್ತಿಲ್ಲದೆ ಗೇಟು ಅಲ್ಲಾಡಿಸುತ್ತಿದ್ದರು. ಒಂದು ದಿನ ಎರಡು ಲೋಟ ಕಾಫಿಯಾದರೂ ಹಟ ಇಳಿಯಲಿಲ್ಲ. ಕೊಟ್ಟೆ. ಅಲ್ಲೇ ನಿಂತು ಸೇದಿದರು.

ಮರುದಿನ ಸಂಘದಲ್ಲಿ ಎದ್ದು ನಿಂತರು. "ನಿನ್ನೆ ಸೇದ್ಬಿಟ್ಟೆ. ಮಗು ಎತ್ಕೊಳ್ಳೋದು ಮುಂದಕ್ಕೆ ಹೋಯ್ತು. ಇವತ್ತಿಂದ ಮತ್ತೆ ಶುರು." ಆ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಲ್ಲಿಯವರೆಗೆ ಸಾಚಾನಂತೆ ಕೂತಿದ್ದ ಪೋಸ್ಟಾಫೀಸಿನ ರಾಮಣ್ಣ ಮೆಲ್ಲಗೆ ಎದ್ದು, "ನಾನೂ ಕದ್ದು ಸೇದಿದೀನಿ ಸಾರ್" ಎಂದ. ಸಂಘ ನಿಜವಾಗಿ ಹುಟ್ಟಿದ್ದು ಆವತ್ತೇ.

ಮಗು ಬೋರಲು ಬೀಳುವ ಹೊತ್ತಿಗೆ ಒಂದು ಬೆಳಗ್ಗೆ ರಸ್ತೆಯೇ ಅದುರಿತು. "ಕೊಟ್ಲು ಕಣ್ರೋ! ಕೊಟ್ಲು!" ಎಲ್ಲರೂ ಓಡಿದೆವು, ನಾನಂತೂ ಅರ್ಧ ಕ್ಷೌರದ ಮುಖದಲ್ಲೇ. ಅಜ್ಜನ ತೋಳಿನಲ್ಲಿ ಮಗು ಕಿರುಚಿ ಅಳುತ್ತಿತ್ತು.

"ಬೀಡಿ ವಾಸನೆಗಲ್ಲ ಮೇಷ್ಟ್ರೇ, ನನ್ ಗಂಟ್ಲಿಗೆ ಹೆದರ್ಕೊಂಡಿದೆ!" ಎಂದು ಅವರು ಕುಣಿಯುತ್ತಿದ್ದರು. ಶಾರದೆ ನಗುತ್ತಲೇ ಕಣ್ಣೊರೆಸಿಕೊಂಡಳು. ನನಗೂ ತಡೆಯಲಾಗಲಿಲ್ಲ.

ಆಮೇಲೆ ಮಗು ಅಜ್ಜನನ್ನು ಎಷ್ಟು ಹಚ್ಚಿಕೊಂಡಿತೆಂದರೆ, ದಾವಣಗೆರೆಯ ಗಂಡನ ಮನೆಗೆ ಹೊರಟ ಶಾರದೆ ಅಪ್ಪನನ್ನೂ ಕರೆದಳು. ಅವರು ಮನೆ ಬಾಡಿಗೆಗೆ ಕೊಟ್ಟು ಹೊರಟೇಬಿಟ್ಟರು. ರೈಲಿನ ಕಿಟಕಿಯಲ್ಲಿ ಮಗುವಿನ ಕೈ ಹಿಡಿದು ನಮಗೆ ಟಾಟಾ ಮಾಡಿಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಸಂಜೆ ಎಲ್ಲರೂ ಸೈಟಿನಲ್ಲಿ ಸೇರಿದೆವು. ನಮಗೆಲ್ಲರಿಗೂ ಒಟ್ಟಿಗೇ ಸೇದಬೇಕೆನಿಸಿದ್ದು ಅದೊಂದೇ ಸಂಜೆ.